ಎಡಗೈ ಕೊಟ್ಟ ಅಜ್ಜಿ

ಇಂಗ್ಲೆಂಡಿನ ಹ್ಯಾಂಪ್‌ಶೈರ್ ಕೌಂಟಿಯಲ್ಲಿ ಲಿಂಡ್‌ಹರ್ಸ್ಟ್ ಅಂತ ಒಂದು ಪುಟ್ಟ ಊರಿದೆ. ಸುತ್ತಲೂ ನ್ಯೂ ಫಾರೆಸ್ಟ್ ಕಾಡು. ನಮ್ಮೂರ ದನಗಳ ಹಾಗೆ ಇಲ್ಲಿ ಕುದುರೆಗಳು ರಸ್ತೆಗೆ ಅಡ್ಡ ನಿಂತಿರುತ್ತವೆ. ಅಲ್ಲೇ ಫಾಕ್ಸ್‌ಲೀಸ್ ಇರುವುದು, ಆಗ ಗರ್ಲ್ ಗೈಡ್‌ಗಳದ್ದಾಗಿದ್ದ ಹಳೇ ಮನೆ ಮತ್ತು ಕ್ಯಾಂಪ್ ಮೈದಾನ. 2023ರ ಬೇಸಿಗೆಯಲ್ಲಿ ಮಗಳ ಬ್ರೌನಿ ತಂಡ, ಅಂದರೆ ಗೈಡ್ಸ್‌ನ ಪುಟ್ಟ ಹುಡುಗಿಯರ ತಂಡ, ಅಲ್ಲಿಗೆ ಹೊರಟಿತು. ಸಹಾಯಕ್ಕೆ ಒಬ್ಬ ಅಮ್ಮ ಬೇಕು ಅಂದರು. ಸುಮ್ನೆ ಹೂಂ ಅಂದುಬಿಟ್ಟೆ.

ಮಧ್ಯಾಹ್ನ ಮಳೆ. ಊಟದ ಜಾಗಕ್ಕೆ ಕಟ್ಟಿದ್ದ ಟಾರ್ಪಾಲಿನ ಒಂದು ಮೂಲೆ ಬಿಚ್ಚಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಓಡಿಹೋಗಿ ಕಂಬಕ್ಕೆ ಹಗ್ಗ ಸುತ್ತಿ ಕ್ಲೋವ್ ಹಿಚ್ ಗಂಟು ಹಾಕಿದೆ. ಹಾಕಿದ ಮೇಲೇ ಗೊತ್ತಾಗಿದ್ದು, ನನಗಿನ್ನೂ ಅದು ಬರುತ್ತೆ ಅಂತ.

ಪಕ್ಕದಲ್ಲಿದ್ದ ಹಿರಿಯ ಗೈಡರ್ (ಗೈಡ್‌ಗಳ ನಾಯಕಿ) ಒಬ್ಬರು, ಎಪ್ಪತ್ತು ದಾಟಿರಬೇಕು, "ಎಲ್ಲಿ ಕಲಿತೆಯಮ್ಮಾ ಇದನ್ನು?" ಅಂದರು. ದಾವಣಗೆರೆ ಹತ್ತಿರ, ಕೊಂಡಜ್ಜಿಯ ಗೈಡ್ ಕ್ಯಾಂಪಿನಲ್ಲಿ ಅಂದೆ. ತಕ್ಷಣ ಎಡಗೈ ಚಾಚಿದರು. ಸ್ಕೌಟ್, ಗೈಡ್‌ಗಳು ಕುಲುಕುವುದು ಎಡಗೈಯನ್ನೇ. ಸ್ಕೂಲಲ್ಲಿ ಕಲಿತು ಬಂದು ನಮ್ಮಜ್ಜಿಗೆ ಹಾಗೆ ಕೈ ಕೊಟ್ಟು, "ಎಡಗೈ ಕೊಡ್ತಾರೇನೇ ಯಾರಾದ್ರೂ?" ಅಂತ ಬೈಸಿಕೊಂಡಿದ್ದೆ.

ಟೀ ಕುಡಿಯುತ್ತಾ ಅವರು ಕಥೆ ಶುರು ಮಾಡಿದರು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಹುಡುಗರ ಸ್ಕೌಟ್ ರ್‍ಯಾಲಿ. ಕೆಲವು ಹುಡುಗಿಯರು ಹೋಗಿ, ನಾವೂ ಸ್ಕೌಟ್‌ಗಳೇ ಅಂತ ನಿಂತರಂತೆ. ಮರುವರ್ಷ, ಸ್ಕೌಟ್ ಚಳವಳಿ ಹುಟ್ಟುಹಾಕಿದ ಬೇಡನ್ ಪೊವೆಲ್ ತನ್ನ ತಂಗಿ ಆಗ್ನೆಸ್‌ಗೆ ಗೈಡ್ಸ್ ಜವಾಬ್ದಾರಿ ಒಪ್ಪಿಸಿದ. 1922ರಲ್ಲಿ ಅಮೆರಿಕದ ಶ್ರೀಮತಿ ಸಾಂಡರ್ಸನ್ ಈ ಫಾಕ್ಸ್‌ಲೀಸ್ ಮನೆಯನ್ನು ದಾನ ಕೊಟ್ಟರು. ಸರಿ, ನಡೆಸಲು ದುಡ್ಡು? ರಾಜಕುಮಾರಿ ಮೇರಿ ತನ್ನ ಮದುವೆಗೆ ಸೇರಿದ ಹಣದಲ್ಲಿ 10,000 ಪೌಂಡ್ ಕೊಟ್ಟಳು. ಮುಯ್ಯಿ ದುಡ್ಡು ಅನ್ನಿ! 1924ರಲ್ಲಿ ಗೈಡ್‌ಗಳ ಮೊದಲ ವಿಶ್ವ ಕ್ಯಾಂಪ್ ನಡೆದಿದ್ದು ಇದೇ ಹುಲ್ಲಿನ ಮೇಲೆ.

ಭಾರತದ ಪಾಲು ನಾನು ಸೇರಿಸಿದೆ. ಜಬಲ್‌ಪುರದಲ್ಲಿ 1911ರಲ್ಲೇ ಗೈಡ್ ತಂಡ ಶುರುವಾಗಿತ್ತು, ಆದರೆ ಬಿಳಿಯರ ಮಕ್ಕಳಿಗೆ. ನಮ್ಮ ಹುಡುಗಿಯರಿಗೆ ಬಾಗಿಲು ತೆರೆದಿದ್ದು ಆಮೇಲೆ. ಅವರು ಏನೂ ಹೇಳಲಿಲ್ಲ, ಬಿಸ್ಕತ್ ಡಬ್ಬಿ ನನ್ನ ಕಡೆ ತಳ್ಳಿದರು.

ರಾತ್ರಿ ಕ್ಯಾಂಪ್‌ಫೈರ್ ಹತ್ತಿರ ಮಗಳು ತನ್ನ ಪ್ರತಿಜ್ಞೆ ಹೇಳಿದಳು. ಅದರಲ್ಲಿ ದೇವರೇ ಇಲ್ಲ! 2013ರಲ್ಲಿ ಇಲ್ಲಿ ಆ ಮಾತು ತೆಗೆದು 'ನನಗೆ ನಾನು ಪ್ರಾಮಾಣಿಕ' ಅನ್ನುವಂಥದ್ದು ಹಾಕಿದ್ದಾರೆ. ನನಗೆ ಅದು ಇಷ್ಟವಾಯಿತು. ಏಳು ವರ್ಷದವಳಿಗೆ ಅದು ಕಷ್ಟದ ಮಾತೇ, ಅದು ಬೇರೆ ವಿಷಯ.

ನಾವು ಹೋದ 2023ರಲ್ಲೇ ಫಾಕ್ಸ್‌ಲೀಸ್ ಸೇರಿ ಐದು ಕೇಂದ್ರಗಳನ್ನು ಮಾರುವುದಾಗಿ ಗೈಡ್ಸ್ ಸಂಸ್ಥೆ ಹೇಳಿತ್ತು. ಖರ್ಚು ಜಾಸ್ತಿಯಂತೆ. ಆ ಗೈಡರ್ ಅದರ ಬಗ್ಗೆ ಮಾತೇ ಎತ್ತಲಿಲ್ಲ. ಬೆಳಿಗ್ಗೆ ಒಬ್ಬರೇ ಮೈದಾನ ಸುತ್ತಿ ಬಂದರು.

ಟಾರ್ಪಾಲು ಬಿಚ್ಚುವಾಗ ನೆನೆದ ಹಗ್ಗ ಬಿಗಿದುಕೊಂಡಿತ್ತು. ಮಗಳು ಹಲ್ಲಲ್ಲಿ ಎಳೆಯಲು ಹೋದಳು. "ತಾಳೇ, ತೋರಿಸ್ತೀನಿ" ಅಂದೆ.