ಕಸ ಮುಂದೆ, ನೀರು ಹಿಂದೆ

"ನಿಮ್ಮ ನಾಲೆಗೆ ಮೊದಲ ನೀರು ಬಿಟ್ಟಾಗ ಮುಂದೆ ಏನು ಬರುತ್ತೆ ಸರ್?"

"ಕಸ."

"ಇಲ್ಲೂ ಅಷ್ಟೆ. ಮೇಲೆ ಬನ್ನಿ."

ಭಾನುವಾರದಿಂದ ಈ ಮೂರು ಮಾತು ಕಿವಿಯಲ್ಲೇ ಕೂತಿವೆ. ಕೇಳಿದ್ದು ಕೆಮ್ಮಣ್ಣುಗುಂಡಿ ಹತ್ತಿರದ ಹೆಬ್ಬೆ ಜಲಪಾತಕ್ಕೆ ಕರೆದೊಯ್ದ ಜೀಪಿನ ಡ್ರೈವರ್. ಉತ್ತರ ಕೊಟ್ಟಿದ್ದು ನಮ್ಮ ಭಾವ. ದಾವಣಗೆರೆ ಹತ್ತಿರ ಭದ್ರಾ ನಾಲೆಯ ಕೊನೆ ಭಾಗದಲ್ಲಿ ಮೂವತ್ತು ವರ್ಷದಿಂದ ಭತ್ತ ಬೆಳೆಯುತ್ತಿರುವ ಮನುಷ್ಯ. ನೀರಿನ ವಿಷಯದಲ್ಲಿ ಅವರಿಗೆ ಹೇಳಿಕೊಡುವವರು ನಮ್ಮ ಕಡೆ ಯಾರೂ ಇಲ್ಲ. ತೂಬು ಎಷ್ಟು ಎತ್ತಿದರೆ ಯಾರ ಗದ್ದೆಗೆ ಎಷ್ಟು ಹೊತ್ತಿಗೆ ನೀರು ಮುಟ್ಟುತ್ತದೆ ಎಂದು ಕಣ್ಣು ಮುಚ್ಚಿ ಹೇಳುತ್ತಾರೆ. ಅಂಥವರು ಮೊಣಕಾಲು ನೀರಿನಲ್ಲಿ ನಿಂತು, "ಮೋಡಾನೇ ಇಲ್ಲ, ಎಲ್ಲಿ ಮಳೆ ರೀ?" ಎಂದು ಐದು ನಿಮಿಷ ವಾದ ಮಾಡಿದರು.

ಮೋಡ ಇರಲಿಲ್ಲ, ನಿಜ. ನಮ್ಮ ತಲೆಯ ಮೇಲೆ ಇರಲಿಲ್ಲ, ಅಷ್ಟೆ.

ಡ್ರೈವರ್ ಕೂಗಲಿಲ್ಲ. ಜಲಪಾತದ ಮುಂದೆ ಕೂಗಿದ್ದು ಯಾರಿಗೂ ಕೇಳಿಸುವುದಿಲ್ಲ ಎಂದು ಅವರಿಗೆ ಗೊತ್ತು. ಪ್ಯಾಂಟು ಮಡಚಿ ಕೆಳಗಿಳಿದು ಬಂದು, ಭಾವನ ಭುಜ ಮುಟ್ಟಿ, ನೀರಿನ ಅಂಚಿನ ಕಡೆ ಬೆರಳು ತೋರಿಸಿದರು. ತಳದ ಕಲ್ಲು ಎಣಿಸಬಹುದಾದಷ್ಟು ತಿಳಿಯಾಗಿದ್ದ ನೀರಿನಲ್ಲಿ, ಆಚೆ ದಡದ ಪಕ್ಕ, ಟೀ ಡಿಕಾಕ್ಷನ್ ಸುರಿದ ಹಾಗೆ ಒಂದೇ ಒಂದು ಕಂದು ಎಳೆ. ಅದರ ಜೊತೆ ನಾಲ್ಕೈದು ಒಣ ಎಲೆ, ಒಂದು ಪುಳ್ಳೆ, ಬೆರಳಗಲದ ನೊರೆ. ನೋಡುವವರಿಗೆ ಏನೂ ಅಲ್ಲ. ಆಮೇಲೆ ಬಂತು ಆ ಪ್ರಶ್ನೆ. "ಕಸ" ಎಂದು ಹೇಳುವಾಗಲೇ ಭಾವನ ಮುಖ ಬದಲಾಯಿತು. ಮರುಮಾತಾಡದೆ ಮಗನ ಕೈ ಹಿಡಿದು ದಡ ಹತ್ತಿದರು. ಹುಡುಗ ನಿಂತು ಫೋಟೋ ತೆಗೆಸಿಕೊಂಡಿದ್ದ ಕಲ್ಲು ಹದಿನೈದು ನಿಮಿಷದಲ್ಲಿ ಕಾಣದಾಯಿತು.

ವಾರವಿಡೀ ಯೋಚಿಸಿದ್ದು ಇದನ್ನೇ. ಭಾವನಿಗೆ ಇದೆಲ್ಲ ಗೊತ್ತಿತ್ತು. ಬೆಟ್ಟದಲ್ಲಿ ನಿಂತಾಗ ಆ ಗೊತ್ತು ಕೈಗೆ ಬರಲಿಲ್ಲ. ನಮ್ಮ ಬಯಲುಸೀಮೆಯಲ್ಲಿ ನೀರು ಹೇಳಿ ಬರುತ್ತದೆ. ಲಕ್ಕವಳ್ಳಿಯ ಭದ್ರಾ ಡ್ಯಾಮಿನಲ್ಲಿ ಇವತ್ತು ಎಷ್ಟು ಅಡಿ, ತುಂಬಲು ಬೇಕಾದ 186 ಅಡಿಗೆ ಇನ್ನೆಷ್ಟು ಬಾಕಿ ಎಂದು ಪೇಪರಿನಲ್ಲಿ ಓದುತ್ತೇವೆ. ನಾಲೆಗೆ ಯಾವ ತಾರೀಖಿನಿಂದ ಬಿಡುತ್ತಾರೆ, ಎಷ್ಟು ದಿನ, ಯಾವ ಸರದಿ, ಎಲ್ಲ ಮೊದಲೇ ಪ್ರಕಟವಾಗುತ್ತದೆ. ನೀರಿಗಾಗಿ ಕಾದು ಅಭ್ಯಾಸವೇ ಹೊರತು ನೀರಿಗೆ ಹೆದರಿ ಅಭ್ಯಾಸವಿಲ್ಲ. ಚಿತ್ರದುರ್ಗದ ಕಡೆಯವರಿಗೂ ಹಾಗೇ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಬಿದ್ದಿದ್ದು 2022ರಲ್ಲಿ, 89 ವರ್ಷದ ಮೇಲೆ. ಆಗ ಜನ ಬಾಗಿನ ಹಿಡಿದು ನೀರಿನ ಹತ್ತಿರ ಹೋದರು. ನೀರು ಹೆಚ್ಚಾಯಿತು ಎಂದರೆ ಹತ್ತಿರ ಹೋಗುವ ಜನ ನಾವು. ಬೆಟ್ಟದ ಹಳ್ಳದಲ್ಲಿ ಮಾಡಬೇಕಾದ್ದು ಅದರ ತಿರುವುಮುರುವು.

ದೊಡ್ಡಮ್ಮನ ಮಾತನ್ನೂ ಹೇಳಬೇಕು. ಡ್ರೈವರ್ ಮೊದಲ ಸಲ ಕೈಬೀಸಿದಾಗಲೇ ಎದ್ದು ಮೇಲೆ ಹೋಗಿ ಕೂತವರು ಅವರೊಬ್ಬರೇ. ಭಾವ ವಾದ ಮಾಡುತ್ತಿದ್ದಾಗ ಅಲ್ಲಿಂದಲೇ ಅಂದರು: "ಚಿತ್ತೆ ಮಳೆ ಕಣೋ ಇದು. ಕುರುಡು ಚಿತ್ತೆ. ಎತ್ತ ಎರಚುತ್ತೋ ಅದಕ್ಕೇ ಗೊತ್ತಿಲ್ಲ." ಅಕ್ಟೋಬರ್ ನಡುವಿನ ಈ ಮಳೆ ಒಂದು ಹೊಲಕ್ಕೆ ಬಂದು ಪಕ್ಕದ ಹೊಲಕ್ಕೆ ಬರುವುದಿಲ್ಲ ಎಂಬುದು ನಮ್ಮ ರೈತರಿಗೆಲ್ಲ ಬಾಯಿಪಾಠ. ಬೆಟ್ಟದಲ್ಲೂ ಅಷ್ಟೆ. ಗುಡ್ಡದ ನೆತ್ತಿಗೆ ಹೊಯ್ದು, ಕಣಿವೆಯಲ್ಲಿ ಬಿಸಿಲು ಬಿಟ್ಟಿರುತ್ತದೆ.

ಹೆಬ್ಬೆ ನೀರು ಎರಡು ಹಂತದಲ್ಲಿ ಬೀಳುತ್ತದೆ, ಒಟ್ಟು 168 ಮೀಟರ್. ಕೆಳಗೆ ನಿಂತವರಿಗೆ ಕಾಣುವುದು ಬೀಳುವ ನೀರು, ಬಂಡೆ, ಒಂದು ತುಂಡು ಆಕಾಶ. ಆ ನೀರನ್ನು ಕೂಡಿಸಿಕೊಡುವ ಗುಡ್ಡ, ಹುಲ್ಲುಗಾವಲು, ಶೋಲಾ ಕಾಡು ಎಲ್ಲ ಮೇಲೆ ಕಣ್ಮರೆಯಲ್ಲಿವೆ. ಅಲ್ಲಿ ಮುಕ್ಕಾಲು ಗಂಟೆ ಜೋರು ಮಳೆ ಬಂದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಡಿದು ನೆಲ ತುಂಬಿರುತ್ತದೆ, ಇನ್ನು ಹೀರುವುದಿಲ್ಲ. ಇಳಿಜಾರು ಬೇರೆ. ಬಿದ್ದದ್ದೆಲ್ಲ ನೇರ ಹಳ್ಳಕ್ಕೆ. ಅದಕ್ಕೇ ಜುಲೈ ಮಳೆಗಿಂತ ಅಕ್ಟೋಬರ್ ಮಳೆ ಪ್ರವಾಸಿಗೆ ಹೆಚ್ಚು ಮೋಸ ಮಾಡುತ್ತದೆ. ಜುಲೈಯಲ್ಲಿ ಎಲ್ಲರೂ ಹೆದರಿಯೇ ಇರುತ್ತಾರೆ, ಅಕ್ಟೋಬರ್‌ನಲ್ಲಿ ಬಿಸಿಲು ನೋಡಿ ಮೈಮರೆಯುತ್ತಾರೆ.

ಹಾಗಂತ ಅಕ್ಟೋಬರ್ ಬಿಡಬೇಕಾಗಿಲ್ಲ. ಈ ಜಲಪಾತಗಳಿಗೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಹೋಗುವುದೇ ಚೆಂದ. ನೀರು ತುಂಬಿರುತ್ತದೆ, ಮಂಜು ಕಮ್ಮಿ, ಕಾಲುದಾರಿಯ ಕೆಸರು ಗಟ್ಟಿಯಾಗಿರುತ್ತದೆ. ಮಾರ್ಚ್‌ಗೆ ಹೋದರೆ ನೀರು ಸೊರಗಿರುತ್ತದೆ. ಹೊತ್ತು ಮಾತ್ರ ನೋಡಿಕೊಳ್ಳಬೇಕು. ಹಿಂಗಾರಿನ ಗುಡುಗು ಮಳೆ ಬಹುಮಟ್ಟಿಗೆ ಮಧ್ಯಾಹ್ನದ ಮೇಲೆ ಕಟ್ಟುತ್ತದೆ. ದಾವಣಗೆರೆಯಿಂದ ನಸುಕಿನಲ್ಲಿ ಐದಕ್ಕೆ ಬಿಟ್ಟು ಚನ್ನಗಿರಿ, ಭದ್ರಾವತಿ, ತರೀಕೆರೆ ಮೇಲೆ ಲಿಂಗದಹಳ್ಳಿ ದಾಟಿಕೊಂಡರೆ ಹನ್ನೊಂದರೊಳಗೆ ನೀರಿನ ಹತ್ತಿರ ಇರಬಹುದು. ದುರ್ಗದವರಿಗೆ ಹೊಳಲ್ಕೆರೆ, ಹೊಸದುರ್ಗ, ಅಜ್ಜಂಪುರದ ದಾರಿ. ಡೀಸೆಲ್ ತರೀಕೆರೆಯಲ್ಲೇ ತುಂಬಿಸಿಕೊಳ್ಳಿ. ನಾವು ಭದ್ರಾವತಿಯಲ್ಲಿ ತಿಂಡಿಗೆ ಒಂದೂವರೆ ಗಂಟೆ ಕಳೆದೆವು. ಎಂಟು ಜನಕ್ಕೆ ಎಂಟು ಥರ ಬೇಕು, ಇಲ್ಲಿಯ ದೋಸೆಗೆ ಬೆಣ್ಣೆ ಸಾಲದು ಎಂದು ಅದೂ ಒಂದು ಚರ್ಚೆ. ನೀರಿಗೆ ಇಳಿದಾಗ ಒಂದು ಗಂಟೆ ದಾಟಿತ್ತು. ತಪ್ಪು ಆಗಿದ್ದು ಆ ಹೋಟೆಲಿನಲ್ಲೇ, ಜಲಪಾತದ ಹತ್ತಿರ ಅಲ್ಲ.

ಇನ್ನು ಚಿಹ್ನೆಗಳು. ಬಣ್ಣ ತಿರುಗುವುದು ಮೊದಲನೆಯದು, ಅದು ಒಂದು ಅಂಚಿನಿಂದ ಶುರುವಾಗುತ್ತದೆ, ಇಡೀ ಹಳ್ಳ ಒಟ್ಟಿಗೆ ಕೆಂಪಾಗುವುದಿಲ್ಲ. ಎಲೆ, ಪುಳ್ಳೆ, ನೊರೆ ತೇಲಿ ಬರುವುದು, ಹಸಿ ಮಣ್ಣಿನ ವಾಸನೆ. ಆಮೇಲೆ ಶಬ್ದ: ಸುಯ್ಯೆನ್ನುತ್ತಿದ್ದ ನೀರು ಧುಮ್ಮೆನ್ನತೊಡಗುತ್ತದೆ, ಕಿವಿಗಿಂತ ಮೊದಲು ಎದೆಗೆ ಗೊತ್ತಾಗುತ್ತದೆ. ತುಂತುರು ಎರಚುವ ದೂರ ಹೆಚ್ಚುತ್ತದೆ. ಇದರಲ್ಲಿ ಒಂದು ಕಂಡರೂ ಎರಡನೆಯದಕ್ಕೆ ಕಾಯಬಾರದು. ಡ್ರೈವರ್ ಹೇಳಿಕೊಟ್ಟ ಉಪಾಯ ಬಹಳ ಸುಲಭದ್ದು. ಹೋದ ಕೂಡಲೇ ನೀರು ಮುಟ್ಟುವ ಗೆರೆಯಲ್ಲಿ ಅಂಗೈಯಷ್ಟು ಒಂದು ಕಲ್ಲು ಇಡಿ, ಹತ್ತು ನಿಮಿಷಕ್ಕೊಮ್ಮೆ ಅದನ್ನು ನೋಡಲು ಒಬ್ಬರನ್ನು ಕೂರಿಸಿ. ಕಲ್ಲು ಒದ್ದೆಯಾದರೆ ಎಲ್ಲರೂ ಮೇಲೆ. ಮೇಲೆ ಎಂದರೆ ಪಕ್ಕದ ದಿಬ್ಬಕ್ಕೆ. ಹಳ್ಳದ ಗುಂಟ ಕೆಳಗೆ ಓಡಿದರೆ ನೀರು ಹಿಂದೆಯೇ ಬರುತ್ತದೆ.

ಹೆಬ್ಬೆಯಂಥ ಕಡೆ ಜನ ನೋಡಿಕೊಳ್ಳಬೇಕಾದ ಇನ್ನೊಂದು ಸಂಗತಿ ವಾಪಸ್ಸು ದಾರಿ. ಜೀಪು ಕಾಫಿ ತೋಟದೊಳಗೆ ಕುಲುಕುತ್ತ ಒಂದು ಕಡೆ ಬಿಡುತ್ತದೆ, ಅಲ್ಲಿಂದ ಕಾಡಿನ ಕಾಲುದಾರಿ, ನಡುವೆ ಹಳ್ಳ ಅಡ್ಡ ಸಿಗುತ್ತದೆ. ಹೋಗುವಾಗ ಪಾದ ಮುಳುಗುವಷ್ಟಿದ್ದ ಜಾಗ ಬರುವಾಗ ಸೊಂಟಕ್ಕೆ ಬಂದಿರಬಹುದು. ನೀರಿನ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ನೀರು ಕೆಂಪಾಗಿ ತಳ ಕಾಣದಿದ್ದರೆ, ಅಥವಾ ಮೊಣಕಾಲು ಮೀರಿದ್ದರೆ, ದಾಟಲೇಬಾರದು. ಕಾಯಬೇಕು. ಸಣ್ಣ ಹಳ್ಳ ಎಷ್ಟು ಬೇಗ ಏರುತ್ತದೋ ಮಳೆ ನಿಂತರೆ ಬಹುತೇಕ ಅಷ್ಟೇ ಬೇಗ ಇಳಿಯುತ್ತದೆ. ನಾವು ಕೂತದ್ದು ಸುಮಾರು ಎರಡು ಗಂಟೆ. ದೊಡ್ಡಮ್ಮ ಮಂಡಕ್ಕಿ ಗಂಟು ಬಿಚ್ಚಿದರು, ಇನ್ನೆರಡು ಕುಟುಂಬದವರೂ ಕೈ ಹಾಕಿದರು. ಬೆಂಗಳೂರಿನಿಂದ ಬಂದಿದ್ದ ಮೂವರು ಹುಡುಗರು ಮಾತ್ರ ದಾಟಿಯೇ ಹೋಗುತ್ತೇವೆ ಎಂದು ಎರಡು ಸಲ ಎದ್ದರು, ಡ್ರೈವರ್ ಎರಡು ಸಲವೂ ಸುಮ್ಮನೆ ಹೋಗಿ ದಾರಿಗೆ ಅಡ್ಡ ನಿಂತರು. ಆ ತಾಳ್ಮೆ ಎಲ್ಲರಿಗೂ ಬರುವಂಥದ್ದಲ್ಲ. ಅಲ್ಲಿ ಕಾದ ಎರಡು ಗಂಟೆಯಲ್ಲಿ ಅವರಿಗೆ ಇನ್ನೊಂದು ಟ್ರಿಪ್ಪಿನ ಬಾಡಿಗೆ ಹೋಯಿತು. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ದಾಟುವಾಗಲೂ ಕ್ರಮವಿದೆ. ಕಿರಿದಾದ ಜಾಗ ಹತ್ತಿರ ಅನಿಸುತ್ತದೆ, ಆದರೆ ಅಲ್ಲೇ ಆಳ, ಅಲ್ಲೇ ಸೆಳೆತ. ಹಳ್ಳ ಅಗಲವಾದ ಕಡೆ ದಾಟಬೇಕು. ನೀರು ಬರುವ ಕಡೆ ಮುಖ ಮಾಡಿ, ಎದೆಯುದ್ದದ ಕೋಲು ಮುಂದೆ ಊರಿ, ಅಡ್ಡಡ್ಡವಾಗಿ ಒಂದೊಂದೇ ಪಾದ ಸರಿಸಬೇಕು. ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿರಬೇಕು, ಬಿದ್ದರೆ ಬ್ಯಾಗು ಬಿಟ್ಟು ಏಳಲು. ಕಲ್ಲಿಂದ ಕಲ್ಲಿಗೆ ಹಾರುವ ಚಟ ಬೇಡ, ಕಲ್ಲುಗಳ ನಡುವಿನ ಗರಸು ತಳವೇ ಕಾಲಿಗೆ ನಂಬಿಕೆ. ಹೊಳೆಯುವ ಕಪ್ಪು ಬಂಡೆಯ ಮೇಲೆ ಪಾಚಿಯ ಪದರ ಕಣ್ಣಿಗೆ ಬೀಳುವುದಿಲ್ಲ, ಜಾರಿಸುವುದು ಅದೇ. ಒದ್ದೆ ಬೇರು, ಬಿದ್ದ ಮರ ಸಿಕ್ಕರೆ ಮೇಲೆ ತುಳಿಯದೆ ದಾಟಿ ಕಾಲಿಡಬೇಕು. ಹವಾಯಿ ಚಪ್ಪಲಿ ಮನೆಯಲ್ಲಿ ಬಿಟ್ಟು ಬನ್ನಿ. ತೋಟದ ಕೆಲಸದವರು ಹಾಕುವ, ತಳದಲ್ಲಿ ಗುಬುಟು ಇರುವ ಅಗ್ಗದ ರಬ್ಬರ್ ಶೂ ದುಬಾರಿ ಶೂಗಿಂತ ಚೆನ್ನಾಗಿ ಹಿಡಿಯುತ್ತದೆ.

ನೇರವಾಗಿ ಜಲಪಾತದ ಬುಡಕ್ಕೆ ತಲೆ ಕೊಡುವುದು ಬೇಡ. ನೀರಿನ ಜೊತೆ ಕಲ್ಲೂ ಬೀಳುತ್ತದೆ. "ನಾನು ಬಾವಿಯಲ್ಲಿ ಈಜು ಕಲಿತವನು" ಎನ್ನುವವರು ನಮ್ಮೂರಲ್ಲಿ ಬಹಳ. ಬಾವಿ ನೀರು ಮೈಯನ್ನು ಎತ್ತುತ್ತದೆ, ಬುಡದ ಬಿಳಿ ನೊರೆ ನೀರು ಎತ್ತುವುದಿಲ್ಲ, ಅರ್ಧ ಗಾಳಿಯೇ ತುಂಬಿರುತ್ತದೆ. ಎಂಥ ಈಜುಗಾರನೂ ಅದರಲ್ಲಿ ಮುಳುಗುತ್ತಾನೆ.

ಇಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಹೆದರುವವರು ಹೆಚ್ಚು, ಹೆದರಬೇಕಾದ್ದು ಕಮ್ಮಿ. ಪ್ಯಾಂಟನ್ನು ಉದ್ದ ಕಾಲುಚೀಲದೊಳಗೆ ಸೇರಿಸಿ. ಕಚ್ಚಿದರೆ ಎಳೆಯಬೇಡಿ, ಉಪ್ಪು ಸುಣ್ಣವನ್ನೂ ಸುರಿಯಬೇಡಿ, ಅದು ಒಳಗಿನದನ್ನು ಗಾಯಕ್ಕೇ ಕಾರಿಕೊಳ್ಳುತ್ತದೆ. ಸಣ್ಣ ತುದಿಯ ಕಡೆಯಿಂದ ಉಗುರನ್ನು ಚರ್ಮಕ್ಕೆ ಒತ್ತಿ ಜಾರಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಅದರ ಜೊಲ್ಲಿನಲ್ಲೇ ಪದಾರ್ಥವಿದೆ, ಹಾಗಾಗಿ ಬಹಳ ಹೊತ್ತು ಸೋರುತ್ತದೆ. ತೊಳೆದು, ಬಟ್ಟೆ ಒತ್ತಿ ಹಿಡಿದರೆ ಆಯಿತು.

ದೊಡ್ಡಮ್ಮನಂಥ ವಯಸ್ಸಾದವರು ಜೊತೆಗಿದ್ದರೆ ಕಲ್ಲತ್ತಿಗಿರಿ ವಾಸಿ. ಕೆಮ್ಮಣ್ಣುಗುಂಡಿ ದಾರಿಯಲ್ಲೇ ಸಿಗುತ್ತದೆ, 122 ಮೀಟರ್ ಎತ್ತರದಿಂದ ಇಳಿದ ನೀರು ವೀರಭದ್ರ ದೇವಸ್ಥಾನದ ಪಕ್ಕ, ಕಲ್ಲಿನ ಆನೆಗಳ ಹತ್ತಿರ ಹರಿಯುತ್ತದೆ. ನಡಿಗೆ ಅತಿ ಕಡಿಮೆ. ಆದರೆ ನೀರಿನ ನಿಯಮ ಅಲ್ಲೂ ಇದೇ.

ನಾವು ದಾಟಿದಾಗ ನಾಲ್ಕು ಗಂಟೆ ಹತ್ತಿರ ಬಂದಿತ್ತು. ಬಾಡಿಗೆಯ ಮೇಲೆ ಒಂದಿಷ್ಟು ಜಾಸ್ತಿ ಕೊಡಲು ಭಾವ ಕೈ ಚಾಚಿದರೆ ಡ್ರೈವರ್ ತೆಗೆದುಕೊಳ್ಳಲಿಲ್ಲ. "ಈ ನೀರೆಲ್ಲ ಭದ್ರಾಕ್ಕೇ ಹೋಗೋದು ಸರ್, ನಿಮ್ಮ ಕಡೆಗೇ" ಎಂದರು, ಅಷ್ಟೆ. ಊರು ಮುಟ್ಟುವವರೆಗೂ ಭಾವ ಹೆಚ್ಚು ಮಾತಾಡಲಿಲ್ಲ.

ನಿನ್ನೆ ಬೆಳಿಗ್ಗೆ ಆರು ಗಂಟೆಗೆ ಅವರ ಫೋನು ಬಂತು. ಹಿಂದೆ ನೀರಿನ ಸದ್ದು.

"ನಾಲೆ ಮೇಲೆ ನಿಂತಿದೀನಿ. ಇಲ್ಲಿ ನೀರು ತಿಳಿಯಾಗೇ ಇದೆಯಲ್ಲ ಮಾರಾಯಾ. ಅವತ್ತಿನ ಆ ಕೆಂಪು ಎಲ್ಲಿ ಹೋಯ್ತು?"

"ಡ್ಯಾಮಿನಲ್ಲಿ ತಳಕ್ಕೆ ಕೂತಿರುತ್ತೆ ಭಾವ."

"ಹೌದಲ್ಲ. ಮೂವತ್ತು ವರ್ಷದಿಂದ ಈ ನೀರು ಕಟ್ಟಿದೀನಿ, ಇದು ಎಲ್ಲಿಂದ ಬಂತು ಅಂತ ಮೊನ್ನೆವರೆಗೂ ನೋಡಿರಲಿಲ್ಲ ನೋಡು" ಎಂದವರು, ಫೋನ್ ಇಡುವ ಮೊದಲು ಆ ಡ್ರೈವರ್ ನಂಬರ್ ಕೇಳಿ ಬರೆದುಕೊಂಡರು. ಸುಗ್ಗಿ ಮುಗಿದ ಮೇಲೆ ಒಂದು ಮೂಟೆ ಅಕ್ಕಿ ಕಳಿಸಬೇಕಂತೆ.