ಸ್ಪ್ಲೆಂಡರ್ ಹೇರ್ಕೊಂಡು ಕೊಯಮತ್ತೂರಿಗೆ: ನಾಲ್ಕು ಗಂಟೆ ಟೀಮ್ ರೇಸ್‌ಗೆ ಮೈಸೂರಿಂದ ಹೋಗೋರಿಗೆ ಒಂದಿಷ್ಟು

ಮೈಸೂರು ಮಂಡ್ಯ ಕಡೆಯಿಂದ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಿ 100 ಸಿಸಿ ಬೈಕಲ್ಲಿ ಟೀಮ್ ಎಂಡ್ಯೂರೆನ್ಸ್ ಓಡಿಸ್ಬೇಕು ಅಂತ ಪ್ಲಾನ್ ಮಾಡ್ತಿರೋರು ಇದನ್ನ ಓದಿ. ನಾವು ನಾಲ್ಕು ಜನ, ಮೂವರು ಮೈಸೂರು ಒಬ್ಬ ಪಾಂಡವಪುರದವನು, ಜೊತೆಗೆ ಬನ್ನಿಮಂಟಪದ ಕಡೆಯ ನಮ್ಮ ಮೆಕ್ಯಾನಿಕ್ ಅಣ್ಣ. ಯಾರೂ ರೇಸರ್ ಅಲ್ಲ. ಅಲ್ಲಿನ ಒಂದು ಗೆಳೆಯರ ಗುಂಪು ಟ್ರ್ಯಾಕ್ ಬಾಡಿಗೆಗೆ ಹಿಡಿದು ಮಾಡೋ ನಾಲ್ಕು ಗಂಟೆ ಆಟ ಇದು, ನಾಲ್ಕು ಗಂಟೆಲಿ ಯಾರ ಬೈಕು ಜಾಸ್ತಿ ಲ್ಯಾಪ್ ಹಾಕುತ್ತೋ ಅವರು ಗೆದ್ದಂಗೆ, ಒಂದೇ ಬೈಕು, ರೈಡರ್‌ಗಳು ಬದಲಾಗ್ತಾ ಇರ್ತಾರೆ, ಅಷ್ಟೇ ರೂಲು.

ಎಂಡ್ಯೂರೆನ್ಸ್ ಅಂದ್ರೆ ಸಾಮಾನ್ಯಕ್ಕೆ ಎಲ್ರೂ ಹೇಳೋದು ಫ್ರಾನ್ಸಿನ ಬೋಲ್ ಡಿ'ಓರ್, 1922ರಿಂದ ಇರೋದು, ಇಲ್ಲಾ ಜಪಾನಿನ ಸುಜುಕಾ 8 ಅವರ್ಸ್, ಅದು 1978ರಿಂದ. ಅಲ್ಲಿ ಓಡೋದು ಸಾವಿರ ಸಿಸಿ ಬೈಕು, ಕಂಪನಿ ದುಡ್ಡು. ಆದ್ರೆ ಇಂಗ್ಲೆಂಡಲ್ಲಿ 50 ಸಿಸಿ ಮೊಪೆಡ್ ಇಟ್ಕೊಂಡು ಇದೇ ಆಟ ಆಡೋರೂ ಇದಾರೆ, ಅದೇ ನಮ್ಮಂಥೋರಿಗೆ ಸರಿ ಹೋಗೋದು. ಎಂಟು ಹಾರ್ಸ್‌ಪವರ್ ಬೈಕಲ್ಲಿ ಎಷ್ಟೇ ತಿರುಚಿದ್ರೂ ಸ್ಪೀಡು ಒಂದು ಲಿಮಿಟ್ಟಿಗೆ ನಿಂತೋಗುತ್ತೆ, ಹಂಗಾಗಿ ಗೆಲುವು ಸೋಲು ಎಲ್ಲಾ ಪಿಟ್ಟಲ್ಲೇ (ಟ್ರ್ಯಾಕ್ ಪಕ್ಕ ಬೈಕ್ ನಿಲ್ಲಿಸಿ ರೈಡರ್ ಬದಲಾಯಿಸೋ, ಪೆಟ್ರೋಲ್ ಹಾಕೋ ಜಾಗ), ಮತ್ತೆ ಹಿಂದಿನ ದಿನ ನೀವು ಎಷ್ಟೊತ್ತಿಗೆ ಅಲ್ಲಿಗೆ ತಲುಪಿ ಎಷ್ಟು ನಿದ್ದೆ ಮಾಡಿದ್ರಿ ಅನ್ನೋದ್ರಲ್ಲೇ ಇರೋದು. ಇದೊಂದು ತಲೇಲಿಟ್ಕೊಂಡ್ರೆ ಉಳಿದಿದ್ದೆಲ್ಲಾ ಸುಲಭ.

ಬೈಕ್ ಯಾವುದು ಅಂತ ಎಲ್ರೂ ಕೇಳೋದು. ಮೈಸೂರಿನೋರಿಗೆ ಜಾವಾ ಯೆಜ್ಡಿ ಹುಚ್ಚು ಇದ್ದೇ ಇರುತ್ತೆ, ಯಾದವಗಿರಿ ಫ್ಯಾಕ್ಟರಿ 1961ರಿಂದ 1996ರವರೆಗೆ ನಡೆದ ಊರಲ್ವಾ, ಟೂ ಸ್ಟ್ರೋಕ್ ಸದ್ದು ಕೇಳಿದ್ರೆ ತಿರುಗಿ ನೋಡದೇ ಇರೋನು ಮೈಸೂರಿನೋನೇ ಅಲ್ಲ. ಆದ್ರೂ ನಾಲ್ಕು ಗಂಟೆ ಫುಲ್ ಥ್ರಾಟಲ್ಲಲ್ಲಿ ಹಳೇ ಟೂ ಸ್ಟ್ರೋಕ್ ಬೇಡ, ಪಿಸ್ಟನ್ ಸೀಜ್ ಆದ್ರೆ ಹಿಂದಿನ ಚಕ್ರ ಲಾಕ್ ಆಗಿ ರೈಡರ್ ಕೆಳಗೆ. ಸ್ಪ್ಲೆಂಡರ್, ಪ್ಲಾಟಿನಾ, ಸಿಟಿ 100 ಈ ಮೂರರಲ್ಲಿ ಯಾವುದಾದ್ರೂ ಸೆಕೆಂಡ್ ಹ್ಯಾಂಡ್ ತಗೊಳ್ಳಿ. ನಮ್ದು ಸ್ಪ್ಲೆಂಡರ್, 97.2 ಸಿಸಿ, ಸ್ಪೇರ್ ಪಾರ್ಟ್ ಯಾವ ಹಳ್ಳೀಲಿ ಕೇಳಿದ್ರೂ ಸಿಗುತ್ತೆ, ತಮಿಳ್ನಾಡಲ್ಲೂ ಅಷ್ಟೇ.

ಎಂಜಿನ್ ಮುಟ್ಟಬೇಡಿ. ಬೋರ್ ಮಾಡ್ಸೋದು, ಹೆಡ್ ಇಳ್ಸೋದು ಏನೂ ಬೇಡ. ಹಿಂದಿನ ಸ್ಪ್ರಾಕೆಟ್ಟಲ್ಲಿ ಹಲ್ಲು ಕಮ್ಮಿ ಮಾಡಿದ್ರೆ ಟಾಪ್ ಸ್ಪೀಡ್ ಬರುತ್ತೆ ಅಂತ ಗ್ಯಾರೇಜಲ್ಲಿ ಒಬ್ಬ ಹೇಳೇ ಹೇಳ್ತಾನೆ, ಕೇಳಬೇಡಿ, ಈ ಬೈಕುಗಳು ನಾಲ್ಕನೇ ಗೇರಲ್ಲಿ ಅದನ್ನ ಎಳೆಯಲ್ಲ, ತಿರುವಿಂದ ಹೊರಗೆ ಬರೋವಾಗ ಸತ್ತೋದಂಗೆ ಆಗುತ್ತೆ. ದುಡ್ಡು ಹಾಕೋದಾದ್ರೆ ಹೊಸ ಟೈರು, ಹೊಸ ಬ್ರೇಕ್ ಶೂ, ಹೊಸ ಚೈನ್ ಸೆಟ್ಟು, ಹೊಸ ಕ್ಲಚ್ ಮತ್ತೆ ಆಕ್ಸಿಲರೇಟರ್ ಕೇಬಲ್ಲು, ಇಷ್ಟಕ್ಕೆ ಹಾಕಿ. ಕನ್ನಡಿ, ಇಂಡಿಕೇಟರ್, ಸೈಡ್ ಸ್ಟ್ಯಾಂಡ್, ಸಾರಿ ಗಾರ್ಡ್ ಎಲ್ಲಾ ಬಿಚ್ಚಿ, ಹೆಡ್‌ಲೈಟ್ ಗಾಜಿಗೆ ಟೇಪ್ ಸುತ್ತಿ. ಆಯಿಲ್ ಡ್ರೈನ್ ಬೋಲ್ಟಿಗೂ ಆಯಿಲ್ ಹಾಕೋ ಮುಚ್ಚಳಕ್ಕೂ ತೂತು ಕೊರೆದು ತಂತಿ ಕಟ್ಟಲೇಬೇಕು, ಅದು ಕಳಚಿ ಟ್ರ್ಯಾಕಲ್ಲಿ ಆಯಿಲ್ ಚೆಲ್ಲಿದ್ರೆ ಹಿಂದೆ ಬರೋ ಇಪ್ಪತ್ತು ಜನ ಜಾರ್ತಾರೆ, ಹಾಗಾಗಿ ಚೆಕಿಂಗಲ್ಲಿ ಮೊದಲು ನೋಡೋದೇ ಇದನ್ನ. ಈ ಕೆಲಸ ಊರಲ್ಲೇ ಮುಗಿಸ್ಕೊಂಡು ಹೋಗಿ, ಅಲ್ಲಿ ಹೋಗಿ ಡ್ರಿಲ್ ಮಷಿನ್ ಹುಡುಕೋ ಟೀಮುಗಳನ್ನ ನೋಡಿದ್ರೆ ಪಾಪ ಅನ್ಸುತ್ತೆ.

ಡ್ರಮ್ ಬ್ರೇಕ್ ಬಗ್ಗೆ ಒಂದು ಮಾತು. 130 ಎಂಎಂ ಡ್ರಮ್ಮು ಆಫೀಸಿಗೆ ಹೋಗಿ ಬರೋಕೆ ಮಾಡಿದ್ದು, ಲ್ಯಾಪ್ ಮೇಲೆ ಲ್ಯಾಪ್ ಹಿಡಿದ್ರೆ ಬಿಸಿ ಆಗಿ ಲಿವರ್ ಉದ್ದ ಹೋಗೋಕೆ ಶುರು ಆಗುತ್ತೆ. ಪ್ರತಿ ಸಲ ಬೈಕ್ ಪಿಟ್ಟಿಗೆ ಬಂದಾಗ ಒಬ್ಬ ಬ್ರೇಕ್ ನಟ್ ಅರ್ಧ ಸುತ್ತು ಬಿಗಿ ಮಾಡೋದು ಅಂತ ಕೆಲಸ ಹಂಚಿಬಿಡಿ. ಬಿಸಿ ಇದ್ದಾಗ ತೀರಾ ಬಿಗಿ ಮಾಡಿದ್ರೆ ಆಮೇಲೆ ಚಕ್ರ ಹಿಡ್ಕೊಳ್ಳುತ್ತೆ, ಅದಕ್ಕೇ ಬಿಗಿ ಮಾಡಿ ಚಕ್ರ ಒಂದ್ಸಲ ಕೈಯಲ್ಲಿ ತಿರುಗಿಸಿ ನೋಡಿ ಬಿಡ್ಬೇಕು.

ಪ್ರಾಕ್ಟೀಸ್ ರಿಂಗ್ ರೋಡಲ್ಲಿ ಮಾಡಬೇಡಿ, ದಯವಿಟ್ಟು. ಚಾಮುಂಡಿ ಬೆಟ್ಟದ ರೋಡಲ್ಲೂ ಬೇಡ. ಮೋಟಾರು ವಾಹನ ಕಾಯ್ದೆ 189ನೇ ಕಲಂ ಪ್ರಕಾರ ಪಬ್ಲಿಕ್ ರೋಡಲ್ಲಿ ರೇಸ್ ಮಾಡಿದ್ರೆ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು ಇಲ್ಲಾ 5000 ರೂಪಾಯಿವರೆಗೆ ದಂಡ ಇಲ್ಲಾ ಎರಡೂ ಹಾಕ್ಬೋದು, ಅದಕ್ಕಿಂತ ಮುಖ್ಯ ಬೆಳಿಗ್ಗೆ ವಾಕಿಂಗ್ ಬರೋ ಅಜ್ಜ ಅಜ್ಜಿಯರು. ಮನೆ ಮುಂದೆ ಬೈಕ್ ನಿಲ್ಲಿಸ್ಕೊಂಡು ರೈಡರ್ ಬದಲಾಯಿಸೋದನ್ನ ಪ್ರಾಕ್ಟೀಸ್ ಮಾಡಿ, ಅದೇ ಸಾಕು. ಇಳಿಯೋನು ಎಡಗಡೆಯಿಂದ ಇಳೀಬೇಕು, ಇನ್ನೊಬ್ಬ ಹ್ಯಾಂಡಲ್ ಹಿಡಿದಿರ್ಬೇಕು, ಹತ್ತೋನು ಗ್ಲೌಸ್ ಹೆಲ್ಮೆಟ್ ಎಲ್ಲಾ ಹಾಕ್ಕೊಂಡು ಐದು ನಿಮಿಷ ಮುಂಚೇನೇ ನಿಂತಿರ್ಬೇಕು. ಪಕ್ಕದ ಮನೆಯೋರು ನಗ್ತಾರೆ, ನಗಲಿ.

ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ ಲೆಕ್ಕ ಹಾಕಿ ನೋಡಿ. ಟ್ರ್ಯಾಕ್ 2.1 ಕಿಲೋಮೀಟರು. ನಿಮ್ಮ ಲ್ಯಾಪ್ ಒಂದು ನಿಮಿಷ ನಲವತ್ತೈದು ಸೆಕೆಂಡ್ ಅಂತ ಇಟ್ಕೊಳ್ಳಿ. ಪಿಟ್ಟಲ್ಲಿ ಗ್ಲೌಸ್ ಎಲ್ಲೋಯ್ತು ಅಂತ ಹುಡುಕ್ತಾ ಒಂದು ನಿಮಿಷ ಹೋಯ್ತು ಅನ್ನಿ, ಆ ಒಂದು ನಿಮಿಷ ವಾಪಸ್ ಬರ್ಬೇಕು ಅಂದ್ರೆ ಲ್ಯಾಪಿಗೆ ಒಂದೊಂದು ಸೆಕೆಂಡ್ ಜಾಸ್ತಿ ಸ್ಪೀಡಾಗಿ ಅರವತ್ತು ಲ್ಯಾಪ್ ಓಡಿಸ್ಬೇಕು, ಅಂದ್ರೆ ಒಂದೂ ಮುಕ್ಕಾಲು ಗಂಟೆ. ಆ ಒಂದು ಸೆಕೆಂಡಿಗೋಸ್ಕರ ತಿರುವಲ್ಲಿ ಜೀವ ಪಣಕ್ಕಿಡೋ ಬದಲು ಗ್ಲೌಸನ್ನ ಹೆಲ್ಮೆಟ್ ಒಳಗೇ ಇಟ್ಟಿರಿ ಮಾರಾಯ್ರೆ.

ಪೆಟ್ರೋಲ್ ಲೆಕ್ಕ ಇನ್ನೂ ಮಜಾ ಇದೆ. ರೋಡಲ್ಲಿ ಅರವತ್ತರ ಮೇಲೆ ಮೈಲೇಜ್ ಕೊಡೋ ಬೈಕು ಟ್ರ್ಯಾಕಲ್ಲಿ ಮೂವತ್ತೈದಕ್ಕೆ ಇಳಿದ್ರೂ, ನಾಲ್ಕು ಗಂಟೇಲಿ ಓಡೋದು ಹೆಚ್ಚುಕಮ್ಮಿ 280 ಕಿಲೋಮೀಟರು, ಅಂದ್ರೆ ಎಂಟು ಲೀಟರ್. ಈಗಿನ ಸ್ಪ್ಲೆಂಡರ್ ಟ್ಯಾಂಕ್ 9.8 ಲೀಟರು. ಒಂದೇ ಟ್ಯಾಂಕಲ್ಲಿ ಮುಗಿದೋಗುತ್ತೆ! ಆದ್ರೂ ನಡುವೆ ಒಂದ್ಸಲ ಹಾಕ್ಸೋ ಪ್ಲಾನ್ ಇಟ್ಕೊಳ್ಳಿ, ಕೊನೇ ಅರ್ಧ ಗಂಟೆ ರಿಸರ್ವ್ ಭಯದಲ್ಲಿ ಓಡ್ಸೋದು ಬೇಡ. ಟಿವಿಎಸ್ ಎಕ್ಸೆಲ್ ತಗೊಂಡು ಬರೋರಿಗೆ ನಾಲ್ಕು ಲೀಟರ್ ಟ್ಯಾಂಕು, ಅವರಿಗೆ ಕಷ್ಟ, ಆದ್ರೆ ಜನ ಸಿಳ್ಳೆ ಹೊಡೆಯೋದು ಅವರಿಗೇನೇ. ಪೆಟ್ರೋಲ್ ಹಾಕೋವಾಗ ಎಂಜಿನ್ ಆಫ್, ರೈಡರ್ ಬೈಕಿಂದ ಕೆಳಗೆ, ಒಬ್ಬ ಬೆಂಕಿ ಆರಿಸೋ ಸಿಲಿಂಡರ್ ಪಿನ್ ತೆಗೆದು ಹಿಡ್ಕೊಂಡು ನಿಂತಿರ್ಬೇಕು. ಬಿಸಿ ಸೈಲೆನ್ಸರ್ ಮೇಲೆ ಪೆಟ್ರೋಲ್ ಬಿದ್ರೆ ಏನಾಗುತ್ತೆ ಅಂತ ಹೇಳ್ಬೇಕಾಗಿಲ್ಲ.

ಈಗ ದಾರಿ. ಮೈಸೂರು, ನಂಜನಗೂಡು, ಚಾಮರಾಜನಗರ, ಪುಣಜನೂರು, ಹಾಸನೂರು, ದಿಂಬಂ ಘಾಟ್, ಬಣ್ಣಾರಿ, ಸತ್ಯಮಂಗಲ, ಪುಳಿಯಂಪಟ್ಟಿ, ಅನ್ನೂರು, ಕೊಯಮತ್ತೂರು. ಇನ್ನೂರು ಚಿಲ್ಲರೆ ಕಿಲೋಮೀಟರ್, ಆದ್ರೆ ಟೈಮ್ ನೋಡಿ ಹೊರಡಬೇಕು. ಪುಣಜನೂರಿಂದ ಬಣ್ಣಾರಿವರೆಗೆ ಕಾಡು, ಹುಲಿ ಸಂರಕ್ಷಿತ ಪ್ರದೇಶ, ದಿಂಬಂ ಘಾಟಲ್ಲಿ ರಾತ್ರಿ ಗಾಡಿ ಬಿಡಲ್ಲ. ಕಾರಿಗಿಂತ ಮುಂಚೆ ಗೂಡ್ಸ್ ಗಾಡಿಗೆ ಗೇಟ್ ಬೀಳುತ್ತೆ, ಬೈಕ್ ಹೇರ್ಕೊಂಡಿರೋ ಪಿಕಪ್ಪು ಗೂಡ್ಸ್ ಲೆಕ್ಕಕ್ಕೇ ಬರೋದು, ಸಂಜೆ ಆರು ಅಂತ ತಲೇಲಿಟ್ಕೊಂಡು ಅದಕ್ಕಿಂತ ಎಷ್ಟೋ ಮುಂಚೆ ಬಣ್ಣಾರಿ ದಾಟಿರಿ. ಘಾಟಲ್ಲಿ 27 ಹೇರ್‌ಪಿನ್ ತಿರುವು ಇದೆ, ಕೆಲವು ಕಡೆ ಲಾರಿ ಒಂದೇ ಸಲಕ್ಕೆ ತಿರುಗಲ್ಲ, ಹಿಂದೆ ಮುಂದೆ ಮಾಡ್ಕೊಂಡು ತಿರುಗ್ತವೆ, ಒಂದು ಲಾರಿ ಕೆಟ್ಟು ನಿಂತ್ರೆ ಎರಡು ಗಂಟೆ ಅಲ್ಲೇ. ನನ್ನ ಪ್ರಕಾರ ಬೆಳಿಗ್ಗೆ ಆರಕ್ಕೆ ಮೈಸೂರು ಬಿಡೋದು, ಚಾಮರಾಜನಗರದಲ್ಲಿ ತಿಂಡಿ, ಮಧ್ಯಾಹ್ನ ಊಟದ ಹೊತ್ತಿಗೆ ಕೊಯಮತ್ತೂರು.

ಗುಂಡ್ಲುಪೇಟೆ ಬಂಡೀಪುರ ಊಟಿ ಮೇಲೆ ಹೋಗೋಣ ಚೆನ್ನಾಗಿರುತ್ತೆ ಅಂತ ಟೀಮಲ್ಲಿ ಒಬ್ಬ ಅಂದೇ ಅಂತಾನೆ. ಚೆನ್ನಾಗೇನೋ ಇರುತ್ತೆ, ಆದ್ರೆ ಬಂಡೀಪುರದಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರು ಬಂದ್, ನೀಲಗಿರಿಗೆ 2024ರಿಂದ ಇ-ಪಾಸ್ ಬೇರೆ, ಕಲ್ಲಟ್ಟಿ ಘಾಟಲ್ಲಿ 36 ತಿರುವು, ಲೋಡ್ ಗಾಡಿಗೆ ಆ ದಾರಿ ಬೇಡವೇ ಬೇಡ. ಟ್ರೇನು ಬೆಂಗಳೂರು ಸೇಲಂ ಸುತ್ಕೊಂಡು ಹೋಗುತ್ತೆ.

ಇನ್ನೊಂದು ವಿಷ್ಯ, ಇದು ಮಂಡ್ಯದೋರಿಗೆ ಸ್ಪೆಷಲ್ಲಾಗಿ. ಪಿಕಪ್ ಹಿಂದೆ ಕಬ್ಬು, ಬಾಳೆಗೊನೆ, ಬೆಲ್ಲದ ಅಚ್ಚು ಏನೂ ಇಡಬೇಡಿ. ಹಾಸನೂರು ಚೆಕ್‌ಪೋಸ್ಟ್ ಸುತ್ತಮುತ್ತ ಆನೆಗಳು ಕಬ್ಬಿನ ಲಾರಿ ಅಡ್ಡ ಹಾಕಿ ತಿಂದು ಅಭ್ಯಾಸ ಆಗಿವೆ, ಟೋಲ್ ವಸೂಲಿ ಮಾಡೋರ ಥರ ರೋಡಲ್ಲೇ ನಿಂತಿರ್ತವೆ. ನಮ್ಮ ಪಾಂಡವಪುರದ ಹುಡುಗ ಅಲ್ಲಿನ ಫ್ರೆಂಡ್ಸಿಗೆ ಕೊಡೋಣ ಅಂತ ಆಲೆಮನೆ ಬೆಲ್ಲ ತಂದಿದ್ದ, ಅದನ್ನ ಎರಡು ಕವರ್ ಸುತ್ತಿ ಕ್ಯಾಬಿನ್ ಒಳಗೆ ಕಾಲ ಕೆಳಗೆ ಇಟ್ಕೊಂಡು ಗ್ಲಾಸ್ ಏರಿಸ್ಕೊಂಡು ಹೋದ್ವಿ. ಆನೆ ಕಂಡ್ರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಬೇಡ, ಫೋಟೋಗೆ ಇಳಿಯೋದಂತೂ ಬೇಡ.

ಪಿಕಪ್ ಬಾಡಿಗೆಗೆ ಹಿಡಿಯೋವಾಗ ನ್ಯಾಷನಲ್ ಪರ್ಮಿಟ್ ಇದೆಯಾ ಕೇಳಿ. ಇಲ್ಲಾಂದ್ರೆ ತಮಿಳ್ನಾಡಿಗೆ ಟೆಂಪರರಿ ಪರ್ಮಿಟ್ ಮಾಡಿಸ್ಬೇಕು, ಡ್ರೈವರ್ ಅಣ್ಣ "ಏನಾಗಲ್ಲ ಬನ್ನಿ ಸಾರ್" ಅಂದ್ರೂ ಕಾಗದ ಕೈಯಲ್ಲಿ ನೋಡ್ದೆ ಅಡ್ವಾನ್ಸ್ ಕೊಡಬೇಡಿ. ಹೇರಿರೋ ಬೈಕಿನ ಆರ್‌ಸಿ, ಇನ್ಶೂರೆನ್ಸ್ ಜೆರಾಕ್ಸ್ ಇಟ್ಕೊಳ್ಳಿ, ಕನ್ನಡಿ ನಂಬರ್ ಪ್ಲೇಟ್ ಇಲ್ದಿರೋ ಬೈಕ್ ಕಂಡ್ರೆ ಚೆಕ್‌ಪೋಸ್ಟಲ್ಲಿ ಕೇಳೋದು ಸಹಜ. ಟ್ಯಾಂಕ್ ಖಾಲಿ ಮಾಡಿ ಹೇರಿ, ಕಾಡಲ್ಲಿ ಕ್ಯಾನ್ ಪೆಟ್ರೋಲ್ ಹೊತ್ಕೊಂಡು ಹೋಗೋದು ಬೇಡ, ಕಬ್ಬಿಣದ ಖಾಲಿ ಕ್ಯಾನ್ ತಗೊಂಡು ಹೋಗಿ ಕೊಯಮತ್ತೂರಲ್ಲೇ ತುಂಬಿಸಿ. ಬೈಕನ್ನ ಹ್ಯಾಂಡಲ್ಲಿಗೆ ಹಗ್ಗ ಬಿಗಿದು ಕಟ್ಟಬೇಡಿ, ಕೆಳಗಿನ ಫೋರ್ಕ್ ಬ್ರಾಕೆಟ್ಟಿಗೆ ಬೆಲ್ಟ್ ಹಾಕಿ, ಆ 27 ತಿರುವು ಇಳಿಯೋವಾಗ ಗೊತ್ತಾಗುತ್ತೆ ಯಾಕೆ ಅಂತ.

ಟ್ರ್ಯಾಕ್ ಇರೋದು ಊರಿನ ದಕ್ಷಿಣಕ್ಕೆ, ಚೆಟ್ಟಿಪಾಳ್ಯಂ ಹತ್ತಿರ. ಗಾಂಧಿಪುರಂ ಕಡೆ ಸಿಟಿ ಒಳಗೆ ನುಗ್ಗಬೇಡಿ, ನೀಲಂಬೂರ್ ಹತ್ತಿರ ಬೈಪಾಸ್ ಹಿಡೀರಿ. ಹೆಸರು ಬಂದಿರೋದು ಎಸ್. ಕರಿವರ್ಧನ್ ಅವರಿಂದ, ಮಾರುತಿ ಎಂಜಿನ್ ಹಾಕಿ ಫಾರ್ಮುಲಾ ಮಾರುತಿ ಕಾರು ಕಟ್ಟಿದ ಮನುಷ್ಯ, 1995ರಲ್ಲಿ ವಿಮಾನ ಅಪಘಾತದಲ್ಲಿ ಹೋದ್ರು. ಕಮ್ಮಿ ದುಡ್ಡಲ್ಲಿ ರೇಸ್ ಮಾಡ್ಬೇಕು ಅಂತ ತಲೆ ಓಡಿಸಿದೋರ ಹೆಸರಿನ ಟ್ರ್ಯಾಕಲ್ಲಿ ಸ್ಪ್ಲೆಂಡರ್ ಓಡ್ಸೋದು ನಂಗಂತೂ ಖುಷಿ.

ಸೇಫ್ಟಿಲಿ ಜುಗ್ಗತನ ಬೇಡ. ಲೆದರ್ ಸೂಟು, ಮೊಣಕಾಲು ಬೆನ್ನು ಗಾರ್ಡು, ಕಣಕಾಲು ಮುಚ್ಚೋ ಬೂಟು, ಫುಲ್ ಫೇಸ್ ಹೆಲ್ಮೆಟ್ಟು. ಸೂಟ್ ಬಾಡಿಗೆಗೆ ತರೋದಾದ್ರೆ ನಾಲ್ಕು ಜನಕ್ಕೆ ಎರಡು ಸೂಟ್ ಸಾಕು ಅನ್ನೋ ಉಳಿತಾಯಕ್ಕೆ ಕೈ ಹಾಕಬೇಡಿ, ಬೆವರಲ್ಲಿ ಒದ್ದೆ ಆದ ಸೂಟ್ ಬಿಚ್ಚಿ ಇನ್ನೊಬ್ಬ ಹಾಕೋದ್ರಲ್ಲೇ ಎರಡು ಲ್ಯಾಪ್ ಹೋಗುತ್ತೆ, ವಾಸನೆ ಬೇರೆ. ನಿಮ್ಮ ಮಾಮೂಲಿ ಬೈಕ್ ಇನ್ಶೂರೆನ್ಸ್ ರೇಸಿಗೆ ಅನ್ವಯ ಆಗಲ್ಲ, ಆಕ್ಸಿಡೆಂಟ್ ಪಾಲಿಸೀಲೂ ಎಷ್ಟೋ ಸಲ ರೇಸ್ ಹೊರಗಿಟ್ಟಿರ್ತಾರೆ, ಓದಿ ನೋಡಿ. ಟ್ರ್ಯಾಕಲ್ಲಿ ಆಂಬುಲೆನ್ಸ್ ನಿಂತಿದೆಯಾ ಅಂತ ಫೀಸ್ ಕಟ್ಟೋ ಮುಂಚೆ ಕೇಳಿ, ಇಲ್ಲ ಅಂದ್ರೆ ಹೋಗ್ಲೇಬೇಡಿ. ಬಾವುಟಗಳನ್ನ ಬಾಯಿಪಾಠ ಮಾಡ್ಕೊಳ್ಳಿ: ಹಳದಿ ಕಂಡ್ರೆ ನಿಧಾನ, ಓವರ್‌ಟೇಕ್ ಇಲ್ಲ, ಹಳದಿ ಮೇಲೆ ಕೆಂಪು ಪಟ್ಟಿ ಇದ್ರೆ ಮುಂದೆ ಜಾರುತ್ತೆ, ನೀಲಿ ಅಂದ್ರೆ ಹಿಂದೆ ಸ್ಪೀಡಿನೋನು ಬರ್ತಿದಾನೆ, ಕೆಂಪು ಅಂದ್ರೆ ರೇಸೇ ನಿಂತಿದೆ.

ರೇಸ್ ದಿನದ ಬಗ್ಗೆ ಜಾಸ್ತಿ ಹೇಳಲ್ಲ, ಅದನ್ನ ನೀವೇ ನೋಡಿ. ಒಬ್ಬೊಬ್ಬರಿಗೆ ನಲವತ್ತು ನಿಮಿಷಕ್ಕಿಂತ ಜಾಸ್ತಿ ಬೇಡ, ಅದಾದ್ಮೇಲೆ ಬಿಸಿಲಿಗೆ ತಲೆ ಮಂಕಾಗುತ್ತೆ, ಬ್ರೇಕ್ ಹಾಕೋ ಜಾಗ ತಪ್ತಾ ಬರುತ್ತೆ, ರೈಡರಿಗೆ ಗೊತ್ತೇ ಆಗಲ್ಲ, ಸ್ಟಾಪ್‌ವಾಚ್ ಹಿಡಿದೋನಿಗೆ ಮೊದಲು ಗೊತ್ತಾಗುತ್ತೆ. ಬೋರ್ಡ್ ತೋರಿಸಿದ ತಕ್ಷಣ ಒಳಗೆ ಬರ್ಬೇಕು, ವಾದ ಇಲ್ಲ. ಬೋಲ್ ಡಿ'ಓರಲ್ಲಿ ಶುರುವಿನ ದಶಕಗಳಲ್ಲಿ ಒಬ್ಬನೇ 24 ಗಂಟೆ ಓಡಿಸ್ತಿದ್ದ ಅಂತ ನಮ್ಮೋನೊಬ್ಬ ವಾದ ಮಾಡ್ದ, ಮಾಡಲಿ, ಅವನನ್ನೂ ಇಳಿಸಿದ್ವಿ. ಹಗುರ ಇರೋನಿಗೆ ಮಧ್ಯಾಹ್ನದ ಪಾಳಿ ಕೊಡಿ, ಎಂಟು ಹಾರ್ಸ್‌ಪವರಲ್ಲಿ ಹದಿನೈದು ಕೆಜಿ ವ್ಯತ್ಯಾಸ ಸ್ಟ್ರೈಟಲ್ಲಿ ಕಣ್ಣಿಗೇ ಕಾಣುತ್ತೆ. ಮಜ್ಜಿಗೆ, ಓಆರ್‌ಎಸ್, ಬಾಳೆಹಣ್ಣು, ಮೊಸರನ್ನ ಸಾಕು, ಬಿರಿಯಾನಿ ರಾತ್ರಿಗೆ ಇಟ್ಕೊಳ್ಳಿ. ಅಕ್ಟೋಬರ್ ನವೆಂಬರ್ ಅಲ್ಲಿ ಹಿಂಗಾರು ಮಳೆ, ಏಪ್ರಿಲ್ ಮೇ ಬೇಯುತ್ತೆ, ಜನವರಿ ಫೆಬ್ರವರಿ ಸಿಕ್ಕಿದ್ರೆ ಬಿಡಬೇಡಿ.

ಮುಗಿದ ಸಂಜೆಗೇ ವಾಪಸ್ ಹೊರಡೋ ಆಸೆ ಬಿಡಿ. ಮೈ ನೋವು, ಡ್ರೈವಿಂಗಲ್ಲಿ ನಿದ್ದೆ, ಮೇಲೆ ಬಣ್ಣಾರಿ ಗೇಟು ಹೆಂಗೂ ಸಿಗಲ್ಲ. ಸೋಮವಾರ ರಜೆ ಹಾಕಿ, ರಾತ್ರಿ ಅಲ್ಲೇ ಮಲಗಿ, ಬೆಳಿಗ್ಗೆ ಬಣ್ಣಾರಿ ಅಮ್ಮನಿಗೆ ಕೈ ಮುಗಿದು ಘಾಟ್ ಹತ್ತಿ. ಊರಿಗೆ ಬಂದ ಮೇಲೆ ಮೊದಲು ಎಂಜಿನ್ ಆಯಿಲ್ ಇಳಿಸಿ, ಕಪ್ಪಗೆ ನೀರಾಗಿರುತ್ತೆ, ಅದರಲ್ಲಿ ಲೋಹದ ಪುಡಿ ಮಿಂಚ್ತಿದ್ರೆ ಕ್ಲಚ್ ಕವರ್ ಬಿಚ್ಚಿಸಿ ನೋಡಿ, ಇಲ್ಲಾಂದ್ರೆ ಹೊಸ ಆಯಿಲ್ ಹಾಕಿ, ಕನ್ನಡಿ ಇಂಡಿಕೇಟರ್ ನಂಬರ್ ಪ್ಲೇಟ್ ವಾಪಸ್ ಹಾಕಿ, ಆಮೇಲೆ ರೋಡಿಗಿಳಿಸಿ. ನಮ್ದು ಈಗ ದಿನಾ ಹಾಲಿನ ಕ್ಯಾನ್ ಹೊತ್ಕೊಂಡು ಪಾಂಡವಪುರದಲ್ಲಿ ಓಡಾಡ್ತಿದೆ.