ಓಕ್ ಆ್ಯಲಿಯ ಬಿಳಿ ಕಂಬಗಳು ಮತ್ತು ಕಸಿ ಕಟ್ಟಿದ ಆಂಟ್ವಾನ್

ನ್ಯೂ ಆರ್ಲಿಯನ್ಸ್‌ನಿಂದ ಓಕ್ ಆ್ಯಲಿಗೆ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಒಂದು ಬದಿ ಕಬ್ಬಿನ ಗದ್ದೆ, ಇನ್ನೊಂದು ಬದಿ ಹುಲ್ಲು ಬೆಳೆದ ಮಣ್ಣಿನ ಏರಿ. ಮಿಸಿಸಿಪ್ಪಿ ನದಿ ಏರಿಯ ಆಚೆಗಿದೆ, ಹತ್ತಿ ನೋಡಿದರಷ್ಟೇ ಕಾಣುತ್ತದೆ. ಅಮೆರಿಕದ ಲೂಯಿಸಿಯಾನ ರಾಜ್ಯದ ಈ ತೋಟದ ಮನೆ ನದಿಗೇ ಮುಖ ಮಾಡಿ ನಿಂತಿದೆ. ಆಗ ಜನ, ಸಕ್ಕರೆ ಎಲ್ಲವೂ ಬರುತ್ತಿದ್ದದ್ದು, ಹೋಗುತ್ತಿದ್ದದ್ದು ನದಿಯಲ್ಲೇ ಅಲ್ವಾ!

ಎಲ್ಲರ ಫೋನೂ ಮೊದಲು ತಿರುಗುವುದು ಮರಗಳ ಕಡೆಗೆ. ಎರಡು ಸಾಲಿನಲ್ಲಿ 28 ಓಕ್ ಮರಗಳು, ಕೊಂಬೆಗಳು ನೆಲ ಮುಟ್ಟುವಷ್ಟು ಬಾಗಿವೆ. ಮನೆ ಕಟ್ಟಿದ್ದು 1837ರಿಂದ 1839ರ ನಡುವೆ, ಝಾಕ್ ಟೆಲೆಸ್ಫೋರ್ ರೋಮನ್ ಎಂಬ ಸಕ್ಕರೆ ತೋಟದ ಒಡೆಯನಿಗಾಗಿ. ಮರಗಳು ಅದಕ್ಕಿಂತ ಎಷ್ಟೋ ಹಳೆಯವು. ಮನೆಯ ಸುತ್ತ ಕಂಬಗಳೂ 28.

ದೂರದಿಂದ ಅಮೃತಶಿಲೆ ಅನ್ನಿಸುತ್ತದೆ. ಅದು ಇಟ್ಟಿಗೆಗೆ ಗಾರೆ ಮಾಡಿ ಬಣ್ಣ ಬಳಿದದ್ದು. ಇಟ್ಟಿಗೆ ಸುಟ್ಟಿದ್ದು ಗುಲಾಮರು, ಇದೇ ಜಾಗದಲ್ಲಿ. ಗೋಡೆ 16 ಇಂಚು ದಪ್ಪ. ನಾಲ್ಕೂ ಕಡೆ ಎರಡು ಅಂತಸ್ತಿನ ಜಗಲಿ, ಅದರ ಮೇಲೆ ಚಾಚಿದ ಚಾವಣಿ. ಬಿಸಿಲು ಗೋಡೆಗೆ ನೇರ ಬೀಳುವುದೇ ಇಲ್ಲ. ನಡುವಿನ ಹಜಾರದ ಮುಂದಿನ, ಹಿಂದಿನ ಬಾಗಿಲು ತೆಗೆದಿಟ್ಟರೆ ಗಾಳಿ ಸೀದಾ ಹಾದುಹೋಗುತ್ತದೆ. ಒಳ್ಳೆಯ ಲೆಕ್ಕಾಚಾರ. ಆದರೆ ಊಟದ ಮೇಜಿನ ಮೇಲೆ ತೂಗುವ ದೊಡ್ಡ ಮರದ ಬೀಸಣಿಗೆಯ ಹಗ್ಗ ಎಳೆಯುತ್ತಿದ್ದದ್ದು ಗುಲಾಮರ ಮಗು ಎಂದು ಕೇಳಿದ ಮೇಲೆ ಆ ಮೆಚ್ಚುಗೆ ಅರ್ಧಕ್ಕೆ ಇಳಿಯಿತು.

ನನಗೆ ಮನೆಗಿಂತ ಜಾಸ್ತಿ ಹಿಡಿಸಿದ್ದು ಆಂಟ್ವಾನ್‌ನ ಕಥೆ. ಇಲ್ಲಿನ ಗುಲಾಮ, ತೋಟದ ಕೆಲಸದವನು. ಪೆಕಾನ್ ಅಂದರೆ ಅಕ್ರೋಟಿನಂಥ ಒಂದು ಕಾಯಿ. ಅದರ ಬೀಜ ನೆಟ್ಟರೆ ಹುಟ್ಟುವ ಮರ ತಾಯಿಮರದಂತೆಯೇ ಕಾಯಿ ಕೊಡುತ್ತದೆಂಬ ಭರವಸೆಯಿಲ್ಲ. ಒಳ್ಳೆಯ ತಳಿ ಉಳಿಯಬೇಕಾದರೆ ಕಸಿ ಕಟ್ಟಬೇಕು. ಅದು ಕೈಗೂಡದೆ ಹಲವರು ಒದ್ದಾಡುತ್ತಿದ್ದಾಗ, 1846ರ ಚಳಿಗಾಲದಲ್ಲಿ ಆಂಟ್ವಾನ್ 16 ಮರಗಳಿಗೆ ಕಸಿ ಕಟ್ಟಿ ಗೆದ್ದ. 1848ರಲ್ಲಿ ಒಡೆಯ ತೀರಿಕೊಂಡ. ಆಸ್ತಿಯ ಪಟ್ಟಿಯಲ್ಲಿ ಆಂಟ್ವಾನ್‌ನ ಹೆಸರೂ ಇದೆ. ಎದುರಿಗೆ ಬೆಲೆ: 1,000 ಡಾಲರ್. ಅವನು ಕಟ್ಟಿದ ಮರಗಳ ಕಾಯಿಗೆ 1876ರ ಫಿಲಡೆಲ್ಫಿಯಾ ಮೇಳದಲ್ಲಿ ಬಹುಮಾನ ಬಂತು. ತೆಗೆದುಕೊಂಡದ್ದು ತೋಟದ ಆಗಿನ ಮಾಲೀಕ.

ಅಂತರ್ಯುದ್ಧ ಮುಗಿದ ಮರುವರ್ಷ, 1866ರಲ್ಲಿ, ಮನೆ ಹರಾಜಾಯಿತು. ಕೈಯಿಂದ ಕೈಗೆ ಹೋಗಿ ಹಾಳು ಬಿದ್ದದ್ದನ್ನು 1925ರಲ್ಲಿ ಸ್ಟುವರ್ಟ್ ದಂಪತಿ ಕೊಂಡು ದುರಸ್ತಿ ಮಾಡಿಸಿದರು. ಹಿಂದಿನ ಗುಲಾಮರ ಗುಡಿಸಲುಗಳು ಈಗ ಮತ್ತೆ ಕಟ್ಟಿದವು. ಅಲ್ಲಿ ಜನ ಕಮ್ಮಿ, ನೆರಳೂ ಕಮ್ಮಿ. ಬಿಸಿಲೇರುವ ಮುಂಚೆ ಮೊದಲು ಅವನ್ನೇ ನೋಡಿ, ಆಮೇಲೆ ಮನೆಯೊಳಗೆ ಹೋಗಿ. ಅದೇ ದಂಡೆಯಲ್ಲಿ ಹತ್ತಿರವೇ ವಿಟ್ನಿ ತೋಟವಿದೆ. 2014ರಲ್ಲಿ ತೆರೆದ ಆ ವಸ್ತುಸಂಗ್ರಹಾಲಯ ಪೂರ್ತಿ ಗುಲಾಮರ ಬದುಕಿನದ್ದೇ. ಅದಕ್ಕೂ ಅರ್ಧ ದಿನ ಇಟ್ಟುಕೊಳ್ಳಿ.